ಇಂದಿನ ಧಮ್ಮ ಚಿಂತನೆ: ಓಡುವವರ ತಟ್ಟೆ



ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ದೇಹ ಅನಿತ್ಯ ಅಂತ ಓದ್ತೀವಿ. ಆದ್ರ ಮುಂಜಾನೆ ಎದ್ದು ಮೊಟ್ಟಿ ಎಷ್ಟು, ಪ್ರೋಟೀನ್ ಎಷ್ಟು ಅಂತ ಲೆಕ್ಕ ಹಾಕ್ತೀವಿ. ಇದೂ ತಣ್ಹಾನೇ ಅಲ್ಲೇನ್ರಿ?"

ಅವನು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಈಗಲೂ ಮುಂಜಾನೆ ಮೈದಾನದಲ್ಲಿ ಈ ಮಕ್ಕಳ ಜೊತೆ ಇರುತ್ತೇನೆ. ಅವನ ಪ್ರಶ್ನೆ ಹಗುರವಾದುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಥಾಗತರು ಆರು ವರ್ಷ ದೇಹವನ್ನು ದಂಡಿಸಿ ನೋಡಿದರು. ಹೊಟ್ಟೆ ಬೆನ್ನಿಗೆ ಹತ್ತಿತು, ಎದ್ದು ನಿಲ್ಲುವ ತ್ರಾಣವೂ ಉಳಿಯಲಿಲ್ಲ. ಈ ದೇಹದಿಂದ ಸತ್ಯ ಸಿಗದು ಎಂದು ಗೊತ್ತಾದ ಮೇಲೆ ಉಂಡರು. ಆಗ ಜೊತೆಗಿದ್ದ ಐವರು ತಪಸ್ವಿಗಳು, ಗೌತಮ ಸುಖಕ್ಕೆ ಬಿದ್ದ ಎಂದು ಬಿಟ್ಟು ಹೋದರು. ಆ ಐವರಿಗೆ ಊಟ ಕಂಡಿತು, ಊಟ ಯಾತಕ್ಕೆ ಎಂಬುದು ಕಾಣಲಿಲ್ಲ. ಸಾರನಾಥದಲ್ಲಿ ಮೊದಲ ಬೋಧೆ ಕೇಳಿದವರೂ ಅವರೇ.

ಇದಕ್ಕೆ ಜೋಡಿಯಾಗಿ ಸಂಯುತ್ತ ನಿಕಾಯದ ಪಸೇನದಿ ರಾಜನ ಪ್ರಸಂಗವನ್ನು ಓದಬೇಕು. ಒಂದು ದ್ರೋಣ ಅಕ್ಕಿಯ ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧರ ಹತ್ತಿರ ಬಂದು ಕೂತ. ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ ಎಂಬರ್ಥದ ಮಾತನ್ನು ಬುದ್ಧರು ಹೇಳಿದರು. ಅದನ್ನು ದಿನವೂ ಊಟದ ಹೊತ್ತಿಗೆ ನೆನಪಿಸಲು ರಾಜ ಒಬ್ಬ ತರುಣನನ್ನೇ ನೇಮಿಸಿಕೊಂಡ, ದಿನಕ್ಕೆ ನೂರು ಕಹಾಪಣ ಕೊಟ್ಟ! ಮೆಲ್ಲಗೆ ಊಟ ಇಳಿಸಿ ಹಗುರಾದ. ಇಲ್ಲಿ ಬುದ್ಧರು ಕಡಿಮೆ ಉಣ್ಣು ಎನ್ನಲಿಲ್ಲ, ಅಳತೆ ತಿಳಿ ಎಂದರು. ಕೂತು ಆಳುವ ರಾಜನ ಅಳತೆ ಬೇರೆ, ಓಡುವ ಹುಡುಗನ ಅಳತೆ ಬೇರೆ. ಊಟವನ್ನು ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಗೆ ಹೋಲಿಸುವ ಮಾತು ಪಾಲಿ ಗ್ರಂಥಗಳಲ್ಲಿ ಬರುತ್ತದೆ. ಬರಿ ಗಾಡಿಗೆ ಹಾಕುವಷ್ಟೇ ಎಣ್ಣೆಯನ್ನು ಹೇರಿದ ಗಾಡಿಗೂ ಹಾಕಿದರೆ ಅಚ್ಚು ಸುಡುತ್ತದೆ.

ಹಾಗಾದರೆ ಓಡುವವರ ಅಳತೆ ಎಷ್ಟು? ಸಾಧಾರಣ ಕೆಲಸದವರಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ದೇಶದ ಆಹಾರ ತಜ್ಞರ ಲೆಕ್ಕ. ಕಠಿಣ ತಾಲೀಮು ಮಾಡುವವರಿಗೆ ಅದು ಒಂದೂವರೆ ಗ್ರಾಂ ಹತ್ತಿರ ಹೋಗುತ್ತದೆ. 60 ಕೆಜಿ ಹುಡುಗನಿಗೆ 90 ಗ್ರಾಂ ಅನ್ನಿ. ಕಾಲು ಕೆಜಿ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 25, ನೂರು ಗ್ರಾಂ ತೊಗರಿಬೇಳೆಯಲ್ಲಿ 22, ಮೂರು ಮೊಟ್ಟೆಯಲ್ಲಿ 18, ಐವತ್ತು ಗ್ರಾಂ ಶೇಂಗಾದಲ್ಲಿ 12, ಒಂದು ದೊಡ್ಡ ಲೋಟ ಮೊಸರಿನಲ್ಲಿ 8. ಕೂಡಿಸಿ ನೋಡಿ, 85 ಆಯಿತು. ಉಳಿದದ್ದು ಪುಂಡಿಪಲ್ಯ, ಕಡಲೆ ಉಸುಳಿಯಲ್ಲಿ ಬಂದೇ ಬರುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಯಲ್ಲಿ ಅದು ಸಾಕಷ್ಟಿದೆ. ರೊಟ್ಟಿಗೆ ಬೇಳೆ ಹಚ್ಚಿ ಉಣಿಸಿದ ನಮ್ಮ ಅವ್ವಂದಿರಿಗೆ ಆ ಹೆಸರು ಗೊತ್ತಿರಲಿಲ್ಲ, ಅಷ್ಟೇ. ಎರಡು ಮೂರು ಸಾವಿರ ಕೊಟ್ಟು ಪುಡಿಯ ಡಬ್ಬಿ ತರಲು ಸಾಲ ಮಾಡಬೇಡಿ.

ಇನ್ನೊಂದು ಮಾತು. ಖಾಲಿ ಹೊಟ್ಟೆಯಲ್ಲಿ ಜೋರು ಓಡಿ, ಚಹಾ ಕುಡಿದು ಮಲಗುವ ರೂಢಿ ನಮ್ಮ ಮಕ್ಕಳಲ್ಲಿದೆ. ಸ್ನಾಯು ಬಲವಾಗುವುದು ಓಡುವಾಗಲ್ಲ, ಓಡಿದ ಮೇಲೆ ಒಂದೆರಡು ದಿನದ ದುರಸ್ತಿಯಲ್ಲಿ. ಓಡುವ ಮುಂಚೆ ಒಂದು ಬಾಳೆಹಣ್ಣು, ಓಡಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ತಾಸು ಎರಡು ತಾಸಿನೊಳಗೆ ರೊಟ್ಟಿ ಬೇಳೆ ಮೊಟ್ಟೆಯ ಊಟ. ರಾತ್ರಿ ಮೊಬೈಲ್ ಬದಿಗಿಟ್ಟು ನಿದ್ದೆ.

ಮೊಟ್ಟೆ ಎಂದ ಕೂಡಲೇ ಕೆಲವರಿಗೆ ಮೈಲಿಗೆ ನೆನಪಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ಬೇಡವೆಂದರು. ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಇತ್ತು, ಆದರೂ ಬೇಡವೆಂದರು. ನಮ್ಮ ನಡುವೆಯೂ ದೀಕ್ಷೆ ಪಡೆದ ಮೇಲೆ ಮಾಂಸ ತಿನ್ನಬಹುದೇ ಎಂದು ಅಳುಕುವವರಿದ್ದಾರೆ. ಸುತ್ತನಿಪಾತದ ಆಮಗಂಧ ಸುತ್ತ ನೋಡಿ. ನಾತ ಇರುವುದು ಮಾಂಸದಲ್ಲಲ್ಲ, ವಂಚನೆ, ಸಿಟ್ಟು, ಸುಳ್ಳಿನಲ್ಲಿ ಎಂಬುದು ಅದರ ತಿರುಳು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕೊಲ್ಲುವ ಚಪಲವನ್ನೂ ಕೊಲ್ಲುವ ಅಗತ್ಯವನ್ನೂ ಬೇರೆ ಮಾಡಿ ತೋರಿಸಿದರು, ಅಹಿಂಸೆ ತತ್ವವೇ ಹೊರತು ಕಟ್ಟಳೆಯಲ್ಲ ಎಂದರು. 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ, ಎಂಜಲು ಅನ್ನ ಬಿಡಿ ಎಂದವರೂ ಅವರೇ. ಅದು ಮಡಿಯ ಮಾತಾಗಿರಲಿಲ್ಲ, ಮರ್ಯಾದೆಯ ಮಾತಾಗಿತ್ತು. ಮಾಂಸ ಬಿಟ್ಟವರು ಕರುಣೆಯಿಂದ ಬಿಟ್ಟಿದ್ದರೆ ಅವರಿಗೆ ನನ್ನ ವಂದನೆ. ಪಕ್ಕದ ಮನೆಯವರ ಕಣ್ಣಿಗೆ ಹೆದರಿ ಬಿಟ್ಟಿದ್ದರೆ ಅದು ಶೀಲವಲ್ಲ.

ಈಗ ತಣ್ಹಾದ ಪ್ರಶ್ನೆ. ಇತ್ತೀಚೆಗೆ ನಮ್ಮವರದೇ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಗ ಓಡುತ್ತಾನೆ, ಮಗಳೂ ಅದೇ ಪರೀಕ್ಷೆಗೆ ಓಡುತ್ತಾಳೆ. ಬೇಯಿಸಿದ ನಾಲ್ಕು ಮೊಟ್ಟೆಯಲ್ಲಿ ಎರಡು ಮಗನ ತಟ್ಟೆಗೆ, ಒಂದು ಅಪ್ಪನಿಗೆ, ಒಂದು ನನಗೆ. ಮಗಳಿಗೆ ಸಾರು. ಅವ್ವ ಆಮೇಲೆ ಉಂಡಳು, ಏನು ಉಂಡಳೋ. ನನ್ನ ಮೊಟ್ಟೆಯನ್ನು ಹುಡುಗಿಯ ತಟ್ಟೆಗೆ ಹಾಕಿದೆ, ಎಲ್ಲರೂ ನಕ್ಕರು. ನಗುವ ಮಾತಲ್ಲ ಅದು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಕ್ತ ಕಡಿಮೆಯಾದರೆ ಉಸಿರು ಬೇಗ ಕಟ್ಟುತ್ತದೆ, ಎಷ್ಟು ಓಡಿಸಿದರೂ ವೇಗ ಏರುವುದಿಲ್ಲ. ಸೊಪ್ಪಿನ ಮೇಲೆ ನಿಂಬೆ ಹಿಂಡಿ ಕೊಡಿ, ಊಟದ ಬೆನ್ನಿಗೇ ಚಹಾ ಬೇಡ.

ಎಷ್ಟು ಪ್ರೋಟೀನ್ ಎಂದು ಲೆಕ್ಕ ಹಾಕುವುದರಲ್ಲಿ ನನಗೆ ತಣ್ಹಾ ಕಾಣುವುದಿಲ್ಲ. ಆ ಲೆಕ್ಕ ಒಬ್ಬನ ತಟ್ಟೆಗೇ ನಿಂತರೆ ಕಾಣುತ್ತದೆ. ಕನ್ನಡಿ ಮುಂದೆ ತೋಳು ತಿರುಗಿಸಿ ಫೋಟೋ ಹಾಕುವುದರಲ್ಲೂ ಸ್ವಲ್ಪ ಕಾಣುತ್ತದೆ, ಆದರೆ ವಯಸ್ಸಿನ ಹುಡುಗರಿಗೆ ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ.

ಕೊನೆಗೆ ಉಪೋಸಥ. ಹುಣ್ಣಿಮೆಯಂದು ಅಷ್ಟಶೀಲ ಪಾಲಿಸಿ ಮಧ್ಯಾಹ್ನದ ಮೇಲೆ ಉಣ್ಣದ ಹುಡುಗರು ಸಂಜೆ ಓಡಬಹುದೇ ಎಂದು ಕೇಳಿದ್ದಾರೆ. ಬೇಡ. ಕಾಯಿಲೆಯ ಭಿಕ್ಖುಗಳಿಗೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲವನ್ನು ಔಷಧವಾಗಿ ಹೊತ್ತಲ್ಲದ ಹೊತ್ತಿನಲ್ಲೂ ಒಪ್ಪಿದವರು ಬುದ್ಧರು. ದೇಹ ಮುರಿಯಲಿ ಎಂದು ಶೀಲ ಕೊಟ್ಟವರಲ್ಲ. ತಾಲೀಮಿಗೂ ವಾರಕ್ಕೊಂದು ಬಿಡುವು ಬೇಕೇ ಬೇಕು. ಆ ವಾರದ ಬಿಡುವನ್ನು ಹುಣ್ಣಿಮೆಗೇ ಇಟ್ಟುಕೊಳ್ಳಿ. ಮಧ್ಯಾಹ್ನದ ಒಳಗೆ ಹೊಟ್ಟೆ ತುಂಬ ಉಂಡು, ಚೆನ್ನಾಗಿ ನೀರು ಕುಡಿದು, ಸಂಜೆ ವಿಹಾರಕ್ಕೆ ನಡೆದೇ ಬನ್ನಿ. ಮರುದಿನ ಐದೂವರೆಗೆ ಮೈದಾನದಲ್ಲಿ ನಾನಿರುತ್ತೇನೆ. ಹುಡುಗಿಯರನ್ನೂ ಕಳಿಸಿಕೊಡಿ.

ಜೈಭೀಮ್. ನಮೋ ಬುದ್ಧಾಯ.