ತಂತ್ರಾಂಶದ ನಕಲೂ ಅಸ್ತೇಯವ್ರತವೂ

ಕೆಲವು ಕಾಲದ ಹಿಂದೆ ನಮ್ಮ ಸಂಘದ ಗಣಕಯಂತ್ರವು ಕೆಟ್ಟಾಗ ಅದನ್ನು ಸರಿಪಡಿಸಲು ನನ್ನ ಹಳೆಯ ಶಿಷ್ಯನೊಬ್ಬನು ಬಂದಿದ್ದನು. ಕೆಲಸ ಮುಗಿದ ಮೇಲೆ, "ಮೇಷ್ಟ್ರೇ, ಪುಟ ಜೋಡಿಸುವ ಸಾಫ್ಟ್‌ವೇರನ್ನೂ ಹಾಕಿದ್ದೇನೆ. ಕೊಂಡರೆ ಬಹಳ ದುಡ್ಡು, ಇದು ನಕಲು, ತಮಗೆ ಖರ್ಚಿಲ್ಲ" ಎಂದನು. ನಾನು ಸಂತೋಷದಿಂದ ತಲೆಯಾಡಿಸಿದೆನು. ಪಕ್ಕದವನ ಉತ್ತರವನ್ನು ನೋಡಿ ಬರೆದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು! ವಾಚಕರ ಕೈಸೇರಿದ ಈ ಪತ್ರಿಕೆಯ ಎಷ್ಟೋ ಸಂಚಿಕೆಗಳು ಆ ನಕಲಿನಿಂದಲೇ ಸಿದ್ಧವಾದುವು ಎಂಬುದನ್ನು ಮರೆಮಾಚದೆ ಹೇಳಿ ವಿಚಾರಕ್ಕೆ ತೊಡಗುವೆನು.

ಮನಸ್ಸು ಚುಚ್ಚಲಾರಂಭಿಸಿದಾಗ ಅವನನ್ನೇ ಕೇಳಿದೆನು. "ಯಾರ ಮನೆಯಿಂದ ಏನು ಹೋಯಿತು? ಮೂಲವು ಇದ್ದಲ್ಲಿಯೇ ಇದೆಯಲ್ಲ!" ಎಂದನು. ಇದು ಸುಲಭವಾಗಿ ತಳ್ಳಿಹಾಕತಕ್ಕ ಮಾತಲ್ಲ. ಹಸುವನ್ನು ಕದ್ದರೆ ಕೊಟ್ಟಿಗೆ ಬರಿದಾಗುತ್ತದೆ. ಇದಿರಿಗೇ ಬಲಾತ್ಕಾರದಿಂದ ಒಯ್ದರೆ ಸಾಹಸ, ಮರೆಯಲ್ಲಿ ಒಯ್ದರೆ ಸ್ತೇಯ ಎಂದು ಮನುವು ವಿಂಗಡಿಸಿದ್ದಾನೆ. ಎರಡರಲ್ಲಿಯೂ ವಸ್ತುವು ಒಡೆಯನನ್ನು ಬಿಟ್ಟು ಹೋಗಲೇಬೇಕು. ಅದೂ ಅಲ್ಲದೆ, ಗ್ರಂಥವನ್ನು ಪ್ರತಿಮಾಡುವುದು ನಮ್ಮವರಿಗೆ ಪುಣ್ಯಕಾರ್ಯವಾಗಿದ್ದಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯುಂಟು. ಆಕೆಯನ್ನು ದಾನಚಿಂತಾಮಣಿಯೆಂದು ಹೊಗಳುವ ನಾವು ನನ್ನ ಶಿಷ್ಯನನ್ನು ಕಳ್ಳನೆನ್ನುವುದು ಹೇಗೆ?

ಬಹುದಿನ ಆಲೋಚಿಸಿದ ಮೇಲೆ ನನಗೆ ತೋರಿದುದು ಇದು. ಶಾಂತಿಪುರಾಣವನ್ನು ಬರೆಯಿಸಿದವರೇ ಅತ್ತಿಮಬ್ಬೆಯ ತಂದೆ ಮಲ್ಲಪನೂ ಅವನ ಸಹೋದರನೂ. ಪೊನ್ನನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮನ್ನಣೆಯೂ ಇದ್ದಿತು. ಎಂದರೆ, ಪ್ರತಿಗಳು ಹುಟ್ಟುವುದಕ್ಕೆ ಮೊದಲೇ ಕವಿಯ ಋಣವು ತೀರಿದ್ದಿತು. ಇಂದು ತಂತ್ರಾಂಶವನ್ನು ಬರೆದು ಮಾರುವವನಿಗೆ ರಾಜಾಶ್ರಯವೆಲ್ಲಿ? ಒಂದೊಂದು ಪ್ರತಿಯ ಬೆಲೆಯೇ ಅವನಿಗೆ ಆಶ್ರಯದಾತನು. ಇನ್ನು ಯೋಗಸೂತ್ರದ ವ್ಯಾಸಭಾಷ್ಯವು ಸ್ತೇಯವನ್ನು ಹೇಳುವಾಗ ಒಡೆಯನಿಗಾದ ನಷ್ಟವನ್ನು ಎಣಿಸುವುದೇ ಇಲ್ಲ; ಶಾಸ್ತ್ರಕ್ಕೆ ಹೊರತಾಗಿ ಪರರಿಂದ ಸ್ವೀಕರಿಸುವುದೇ ಸ್ತೇಯವೆನ್ನುತ್ತದೆ. ದೋಷವು ಕೊಟ್ಟಿಗೆಯಲ್ಲಿಲ್ಲ, ಚಾಚಿದ ಕೈಯಲ್ಲಿದೆ. ನನ್ನ ಕೈ ಚಾಚಿಯೇ ಇದ್ದಿತು.

ತಡೆಯುವ ಬಗೆ ಹೇಗೆ? ಕಾನೂನು ಇಲ್ಲದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಕಳ್ಳಪ್ರತಿಯೆಂದು ತಿಳಿದೂ ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಬಳಸದವನಿಗೆ ನ್ಯಾಯಾಲಯವು ಸೆರೆಯನ್ನು ಬಿಡಬಹುದು. ಆದರೆ ಮನೆಮನೆಯ ಯಂತ್ರವನ್ನು ತೆರೆದು ನೋಡುವ ಪೋಲೀಸಿನವರನ್ನು ಯಾರು ತಾನೆ ಬಯಸುವರು? ಬೀಗಗಳ ಕಥೆಯೂ ಇಷ್ಟೆ. 2005ರಲ್ಲಿ ಸೋನಿ ಬಿ.ಎಂ.ಜಿ. ಸಂಸ್ಥೆಯು ನಕಲನ್ನು ತಡೆಯಲೆಂದು ಸಂಗೀತದ ಸಿ.ಡಿ.ಗಳಲ್ಲಿಟ್ಟ ಗುಪ್ತ ತಂತ್ರಾಂಶವು, ಹಣ ಕೊಟ್ಟು ಕೊಂಡವರ ಯಂತ್ರಗಳನ್ನೇ ಅಪಾಯಕ್ಕೊಡ್ಡಿತು. ನಕಲು ಮಾಡಿದವನಿಗೆ ಏನೂ ಆಗಲಿಲ್ಲ.

ಬೆಲೆಯು ಕೊಳ್ಳುವವನ ಶಕ್ತಿಗೆ ತಕ್ಕಂತಿದ್ದರೆ ನಕಲು ಕಡಮೆಯಾದೀತು; ಮಾರುವವರು ಇದನ್ನರಿಯಬೇಕು. ಬಡ ವಿದ್ಯಾರ್ಥಿಯ ಮಾತು ಬೇರೆ. ಕಾರನ್ನು ಕೊಳ್ಳುವಾಗ ಚೌಕಾಶಿ ಮಾಡದವರು ತಂತ್ರಾಂಶದ ಬಳಿ ಬಂದಾಗ ಬಡತನವನ್ನು ನೆನೆಯುವುದು ಮಾತ್ರ ನನಗೆ ರುಚಿಸದು.

ನಕಲಿನ ಪೆಟ್ಟು ದೊಡ್ಡ ಸಂಸ್ಥೆಗಿಂತ ಚಿಕ್ಕವರಿಗೇ ಹೆಚ್ಚು ತಗಲುತ್ತದೆ. ದುಬಾರಿಯಾದುದು ಬಿಟ್ಟಿಯಾಗಿ ಸಿಕ್ಕರೆ, ಕಡಮೆ ಬೆಲೆಗೆ ಕನ್ನಡದ ಅಕ್ಷರಗಳನ್ನು ರೂಪಿಸಿ ಮಾರುವವನ ಬಳಿಗೆ ಯಾರೂ ಹೋಗರು. ಒಪ್ಪಿಗೆಯಿಂದಲೇ ಹಂಚಿದವುಗಳೂ ಉಂಟು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಪ್ರತಿಮಾಡಬಹುದು. ಕನ್ನಡದ ನುಡಿ ತಂತ್ರಾಂಶಕ್ಕೂ ಬೆಲೆಯಿಲ್ಲ. ಅತ್ತಿಮಬ್ಬೆಯ ದಾರಿ ಇದೇ ಎಂದು ತೋರುತ್ತದೆ. ಸುಳ್ಳು ಕೀಲಿಯಿಂದ ತೆರೆದುಕೊಂಡವರು ಅತ್ತ ತಿರುಗಿ ನೋಡುವುದೂ ಇಲ್ಲ, ನಾವೂ ನೋಡಿರಲಿಲ್ಲ.

ಈ ಸಂಗತಿಯನ್ನು ಸಂಘದ ಸಭೆಯಲ್ಲಿಟ್ಟೆನು. ಕೋಶಾಧ್ಯಕ್ಷರು ಲೆಕ್ಕದ ಪುಸ್ತಕವನ್ನು ತೋರಿಸಿ ಮೌನವಾದರು. ಕಡೆಗೆ, ಹಣ ಕೇಳದ ಬೇರೊಂದು ತಂತ್ರಾಂಶದಲ್ಲಿ ಪುಟಗಳನ್ನು ಜೋಡಿಸುವುದೆಂದಾಯಿತು. ನನ್ನ ಶಿಷ್ಯನೇ ಬಂದು, ನಗುತ್ತಲೇ, ಹಳೆಯದನ್ನು ತೆಗೆದುಹಾಕಿದನು. ಕಳೆದ ತಿಂಗಳ ಸಂಚಿಕೆಯು ಒಂದು ವಾರ ತಡವಾದುದೂ, ಕೆಲವೆಡೆ ಒತ್ತಕ್ಷರಗಳು ಸ್ಥಾನ ತಪ್ಪಿದುದೂ ಆ ಕಾರಣದಿಂದಲೇ; ಆಕ್ಷೇಪಿಸಿ ಬರೆದ ಐವರು ವಾಚಕರಿಗೆ ಇದೇ ನನ್ನ ಉತ್ತರ.