ಹೌದಪ್ಪಗಳ ನಡುವೆ

ಗೋಳಗುಮ್ಮಟದಲ್ಲಿ ಕೂಗಿದವನಿಗೆ ಮರಳಿ ಬಂದದ್ದು ತನ್ನದೇ ದನಿ ಎಂಬುದು ಗೊತ್ತಿರುತ್ತದೆ. ಮೊಬೈಲಿನಲ್ಲಿ ಅದೇ ದನಿ ಮರಳಿದರೆ ‘ಜನಾಭಿಪ್ರಾಯ’ ಎನ್ನುತ್ತೇವೆ.

*

ಮೌನಂ ಸಮ್ಮತಿಲಕ್ಷಣಂ ಎಂಬ ಮಾತು ವಾಟ್ಸ್‌ಆ್ಯಪ್ ಗ್ರೂಪಿಗೆ ಸಲ್ಲದು. ಅಲ್ಲಿ ಸುಮ್ಮನಿರುವವರಲ್ಲಿ ಒಪ್ಪಿದವರಿಗಿಂತ ಮ್ಯೂಟ್ ಮಾಡಿಕೊಂಡವರೇ ಜಾಸ್ತಿ.

*

ಮನೆಮಂದಿಯ ಗ್ರೂಪಿಗೆ ಭಾವ ಒಂದು ರಾಜಕೀಯ ಫಾರ್ವರ್ಡ್ ಹಾಕುತ್ತಾರೆ. ನಾಲ್ಕು ಹೆಬ್ಬೆರಳು, ಎರಡು ಜೋಡಿಸಿದ ಕೈ. ಸೋದರತ್ತೆಯ ಮಗಳು ‘ಇದು ನಿಜಾನಾ ಭಾವ?’ ಎಂದು ಟೈಪ್ ಮಾಡಿ, ಒಂದೊಂದೇ ಅಕ್ಷರ ಅಳಿಸುತ್ತಾಳೆ. ಬರುವ ತಿಂಗಳು ಮದುವೆಯಿದೆ, ಒಂದೇ ಪಂಕ್ತಿಯಲ್ಲಿ ಕೂರಬೇಕು. ಮರುದಿನ ಭಾವನಿಗೆ ಇಡೀ ಮನೆತನವೇ ತನ್ನ ಕಡೆ ಎಂಬ ಧೈರ್ಯ.

*

ಎದುರು ಬಣದ ಮಾತು ನಮ್ಮನ್ನು ತಲುಪುವುದೇ ಇಲ್ಲ ಎನ್ನುವುದು ಅರ್ಧಸತ್ಯ. ತಲುಪುತ್ತದೆ, ಅವರಲ್ಲೇ ತೀರಾ ಹುಂಬನೊಬ್ಬನ ಸ್ಕ್ರೀನ್‌ಶಾಟ್ ಆಗಿ, ಮೇಲೆ ನಮ್ಮವರ ನಗುವ ಇಮೋಜಿ ಅಂಟಿಸಿಕೊಂಡು.

*

ಹಾಗಾದರೆ ಆ ಮಾತನ್ನು ನೇರವಾಗಿ ಓದಿಸಿಬಿಟ್ಟರೆ? ಅಮೆರಿಕದ ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಬೇಯ್ಲ್ ಮತ್ತು ಸಂಗಡಿಗರು ದುಡ್ಡು ಕೊಟ್ಟು ಅದನ್ನೂ ಮಾಡಿ ನೋಡಿದರು. ಟ್ವಿಟರ್ ಬಳಸುವ ರಿಪಬ್ಲಿಕನ್ನರೂ ಡೆಮಾಕ್ರಟರೂ ಒಂದು ತಿಂಗಳು ಎದುರು ಪಾಳೆಯದ ಟ್ವೀಟುಗಳನ್ನು ನೋಡಬೇಕಿತ್ತು. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ: ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಬಿಗಿಯಾಗಿದ್ದರು, ಡೆಮಾಕ್ರಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿರಲಿಲ್ಲ. ಒಲ್ಲದ ಮಾತನ್ನು ಕಿವಿಗೆ ಸುರಿದರೆ ಮನಸ್ಸು ಸಜ್ಜಾಗುವುದು ವಾದಕ್ಕೆ.

*

ಫೇಸ್‌ಬುಕ್ ಒಂದು ಕಾಲಕ್ಕೆ ಕೋಪದ ಇಮೋಜಿಗೆ ಲೈಕಿನ 5 ಪಟ್ಟು ತೂಕ ಕೊಟ್ಟಿತ್ತು. ಪ್ರೀತಿಯ ಇಮೋಜಿಗೂ ಅಷ್ಟೇ ಇತ್ತು, ಸುಳ್ಳು ಹೇಳಬಾರದು. ಕೋಪದ ತೂಕವನ್ನು ಆಮೇಲೆ ಇಳಿಸುತ್ತ ಬಂದು 2020ರಲ್ಲಿ ಸೊನ್ನೆಗೆ ತಂದರು. ಸಿಟ್ಟು ಮಾಡಿಕೊಳ್ಳುವುದನ್ನು ಅಷ್ಟರಲ್ಲಿ ನಾವು ಚೆನ್ನಾಗಿ ಕಲಿತಿದ್ದೆವು.

*

ಬರೀ ಯಂತ್ರವನ್ನು ಬೈಯುವುದು ನ್ಯಾಯವಲ್ಲ. ಊರೊಂದು, ಪಾರ್ಟಿ ಎರಡು, ಚಹಾದಂಗಡಿಯೂ ಎರಡು ಎಂಬ ಸ್ಥಿತಿ ಮೊಬೈಲಿಗೂ ಮುಂಚಿನದು. ಆದರೆ ಎದುರು ಪಾರ್ಟಿಯವನ ಎಮ್ಮೆ ಹೊಲಕ್ಕೆ ನುಗ್ಗಿದ ದಿನ ಅವನ ಮನೆ ಬಾಗಿಲಿಗೆ ಹೋಗಲೇಬೇಕಿತ್ತು. ಬ್ಲಾಕ್ ಮಾಡುವ ಹಾಗಿರಲಿಲ್ಲ.

*

ತನ್ನ ಬಣದವನ ಸುಳ್ಳನ್ನು ತಿದ್ದುವವನಿಗೆ ಎರಡೂ ಕಡೆ ಬೈಗುಳ. ಎದುರಿನವರ ಸುಳ್ಳನ್ನು ತಿದ್ದುವವನಿಗೆ ಲೈಕು. ಆ ಕೆಲಸಕ್ಕೆ ಜನ ಸಾಲುಗಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ.

*

2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದವರೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ‘ಮಕ್ಕಳ ಕಳ್ಳರು’ ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಹಬ್ಬಿತು. ಗುಂಪು ಕಾರು ತಡೆದು ಬಡಿಯಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ‘ಇದು ನಿಜಾನಾ?’ ಎಂದು ಟೈಪ್ ಮಾಡಿ ಅಳಿಸಿದವರು ಆ ಗ್ರೂಪುಗಳಲ್ಲೂ ಇದ್ದಿರಬಹುದು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತಕ್ಕೊಂದು ಮಿತಿ ಘೋಷಿಸಿತು: ಒಂದು ಸಂದೇಶ ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ. ಆಗ ಒಂದು ಗ್ರೂಪಿನಲ್ಲಿ 256 ಜನರಿಗೆ ಜಾಗವಿತ್ತು. ಐದು ಗ್ರೂಪು ಎಂದರೆ 1,280 ಜನ.