ಮಳೆಯ ನಿರೀಕ್ಷೆಯೂ ಅಕಾಮನಿರ್ಜರೆಯೂ

ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ ಕಳೆಯಿತೆಂದರೆ ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೃಷಿಕನ ದೃಷ್ಟಿ ಪಡುವಣ ಕಡಲಿನ ಮೇಲಣ ಮುಗಿಲಿನತ್ತ ತಿರುಗುತ್ತದೆ. ಉದ್ಯೋಗನಿಮಿತ್ತ ಮಂಗಳೂರು ನಗರದಲ್ಲಿ ನೆಲೆಸಿದ ಜೈನ ಗೃಹಸ್ಥರಲ್ಲಿಯೂ ಮೂಡಬಿದಿರೆ, ಕಾರ್ಕಳ, ವೇಣೂರುಗಳ ಕಡೆ ಹಿರಿಯರ ತೋಟ ಗದ್ದೆಗಳನ್ನು ಉಳಿಸಿಕೊಂಡವರುಂಟು. ಅವರ ಮನೆಗಳಲ್ಲಿ ಆ ದಿನಗಳ ಮೊದಲ ಮಾತು, ‘ಊರಿನಲ್ಲಿ ಮಳೆ ಬಂತೇ?’ ಎಂಬುದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಗೂ ಕಾಯುವ ಪಾಡು ತಪ್ಪಿದ್ದಲ್ಲ. 2019 ಮತ್ತು 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ರಂದು. ಆ ಎರಡು ಬೇಸಗೆಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು, ನಗರದ ನಲ್ಲಿಗಳಿಗೂ ಸರದಿಯ ಮೇಲೆ ನೀರು ಬಿಡಬೇಕಾಯಿತು.

ಹೀಗೆ ಕಾಯುವ ರೈತನನ್ನು ಲೋಕವು ತಾಳ್ಮೆಯ ಮೂರ್ತಿಯೆಂದು ಕೊಂಡಾಡುತ್ತದೆ. ಶಾಸ್ತ್ರವು ಅಷ್ಟು ಸುಲಭವಾಗಿ ಕೊಂಡಾಡುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಕಾರಣಗಳನ್ನು ಹೇಳುವಲ್ಲಿ ಅಕಾಮನಿರ್ಜರೆಯ ಹೆಸರು ಬರುತ್ತದೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಅದನ್ನು ಸೆರೆಯಲ್ಲಿ ಬಿದ್ದವನ ನಿದರ್ಶನದಿಂದ ವಿವರಿಸಿದ್ದಾರೆ. ಅವನು ಹಸಿವು ಬಾಯಾರಿಕೆಗಳನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ. ಆದರೆ ಮನಸ್ಸೊಪ್ಪಿ ಅಲ್ಲ, ಬೇರೆ ಗತಿಯಿಲ್ಲದೆ. ಪರೀಷಹಗಳನ್ನು ಜಯಿಸುವ ಮುನಿಗೂ ಅವನಿಗೂ ಹೊರನೋಟಕ್ಕೆ ಹೆಚ್ಚಿನ ಭೇದ ಕಾಣಿಸದು. ಮೋಡವನ್ನು ನೋಡುತ್ತ ಕುಳಿತ ರೈತನೂ ಈ ಬಂದಿಯಂತೆಯೇ ಅಲ್ಲವೇ? ಕಾಯದೆ ಅವನು ಮಾಡುವುದಾದರೂ ಏನು?

ಅಡಿಕೆಯ ಕೃಷಿಯನ್ನೇ ನೋಡಬಹುದು. ಕೊಳೆರೋಗದಿಂದ ಗೊನೆಯನ್ನು ಕಾಪಾಡಲು 100 ಲೀಟರ್ ನೀರಿಗೆ ಮೈಲುತುತ್ತು, ಸುಣ್ಣ ತಲಾ 1 ಕಿಲೋ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಮದ್ದಿಗೆ ಆಟಿಯ ಮಳೆಯ ನಡುವೆ ಬಿಸಿಲು ಬೇಕು. ಅದೇ ವೇಳೆಗೆ ಬೆಟ್ಟುಗದ್ದೆಯವನು ನೆಟ್ಟ ನೇಜಿ ಬಾಡುತ್ತಿದೆಯೆಂದು ಮಳೆಯನ್ನು ಬೇಡುತ್ತಾನೆ. 2023ರ ಆಗಸ್ಟ್, 1901ರಿಂದ ಈಚೆಗೆ ದೇಶವು ಕಂಡ ಅತ್ಯಂತ ಒಣ ಆಗಸ್ಟ್. ಅಂತಹ ತಿಂಗಳಿನಲ್ಲಿ ಒಬ್ಬನ ಹರಕೆ ಫಲಿಸಿತೆಂದರೆ ಇನ್ನೊಬ್ಬನ ಗದ್ದೆ ಒಣಗಿತೆಂದೇ ಅರ್ಥ. ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದನ್ನು ಸಮಂತಭದ್ರಾಚಾರ್ಯರು ದೇವಮೂಢತೆಯೆಂದರು. ‘ಮಳೆ ಬಂದರೆ ಅಷ್ಟಮಿಯ ಉಪವಾಸ ಮಾಡುವೆ’ ಎಂಬ ಸಂಕಲ್ಪವಾದರೂ ಅದಕ್ಕಿಂತ ಹೆಚ್ಚು ದೂರದ್ದಲ್ಲ. ಫಲವನ್ನು ಮುಂದಿಟ್ಟುಕೊಂಡ ಆ ಉಪವಾಸವು ನಿದಾನವೆಂಬ ಶಲ್ಯದಿಂದ ಕೂಡಿದ್ದು. ಶಲ್ಯವುಳ್ಳವನನ್ನು ವ್ರತಿಯೆಂದು ಸೂತ್ರಕಾರರು ಒಪ್ಪುವುದಿಲ್ಲ.

ಹಾಗಾದರೆ ಮಳೆಯನ್ನು ಹಾರೈಸಲೇ ಬಾರದೆ? ನಿತ್ಯಪೂಜೆಯ ಕೊನೆಯಲ್ಲಿ ಶ್ರಾವಕರು ಹೇಳುವ ಶಾಂತಿಪಾಠದಲ್ಲಿ ಸಕಾಲದ ಮಳೆಯ ಹಾರೈಕೆ ಇದ್ದೇ ಇದೆ. ಆದರೆ ಅದು ಸಮಸ್ತ ಪ್ರಜೆಗಳ ಕ್ಷೇಮಕ್ಕಾಗಿ. ಅಲ್ಲಿ ‘ನನ್ನ ತೋಟ’ ಎಂಬ ಶಬ್ದವಿಲ್ಲ. ಬಾಯಲ್ಲಿ ಆ ಪಾಠವನ್ನು ಹೇಳುತ್ತ ಮನಸ್ಸಿನಲ್ಲಿ ಸರ್ವೆ ನಂಬರು ಎಣಿಸುವವರಿಲ್ಲವೆಂದಲ್ಲ.

ಲೋಕಕ್ಕೆ ಕೃಷಿಯನ್ನು ಕಲಿಸಿದ ಆದಿನಾಥಸ್ವಾಮಿಯ ಚರಿತ್ರೆಯೇ ಇಲ್ಲಿ ನೆನಪಾಗುತ್ತದೆ. ದೀಕ್ಷೆಯ ಬಳಿಕ ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಟಾಗ, ಮುನಿಗೆ ಆಹಾರ ಕೊಡುವ ವಿಧಿಯನ್ನು ಬಲ್ಲವರೇ ಇರಲಿಲ್ಲ. ಜನರು ರತ್ನಗಳನ್ನು, ವಾಹನಗಳನ್ನು ತಂದೊಡ್ಡಿದರು. ಸ್ವಾಮಿಯು ಅವರನ್ನು ನಿಂದಿಸಲಿಲ್ಲ, ಬೇಡಲೂ ಇಲ್ಲ. ಮತ್ತೆ ಆಹಾರದ ವೇಳೆಗೆ ಚರ್ಯೆಗೆ ಹೊರಟರು. ತಿಂಗಳುಗಳು ಉರುಳಿ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನಿತ್ತ ದಿನವೇ ಅಕ್ಷಯತೃತೀಯೆ. ಆ ದಿನ ಬಂದೇ ಬರುವುದೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಶ್ರದ್ಧೆಯು ಫಲದ ಖಾತರಿಯಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಗೃಹಸ್ಥನಿಗೆ ಅಷ್ಟು ಎತ್ತರ ನಿಲುಕದು. ಆದರೂ ಬಂದಿಗಿಲ್ಲದ ಒಂದು ಸ್ವಾತಂತ್ರ್ಯ ಅವನಿಗುಂಟು. ನಷ್ಟವು ತಾನಾಗಿ ಬರುತ್ತದೆ. ಅದರಲ್ಲಿ ಎಷ್ಟನ್ನು ತಾನು ಹೊರಬೇಕು, ಎಷ್ಟನ್ನು ಇತರರ ಮೇಲೆ ಹಾಕಬೇಕು ಎಂಬುದು ಅವನ ಕೈಯಲ್ಲಿದೆ. ತೋಡಿನ ಕಟ್ಟದಲ್ಲಿ ನೀರು ಇಳಿದಾಗ ಕೆಳಗಿನವರ ಪಾಲಿನ ನೀರನ್ನೂ ಪಂಪು ಹಾಕಿ ಎಳೆದುಕೊಳ್ಳಬಹುದು, ಬಿಡಬಹುದು. ನೆರೆಯವನ ಅಡಿಕೆ ಕೊಳೆತಾಗ ‘ಅವನ ಪಾಪೋದಯ’ ಎಂದು ಮಗ್ಗುಲು ಬದಲಿಸುವವರು, ತಮ್ಮದು ಕೊಳೆತಾಗ ಮಾತ್ರ ಹವಾಮಾನವನ್ನು ದೂರುತ್ತಾರೆ! ಲಾಭಾಂತರಾಯದ ವಿಚಾರವನ್ನು ಶಾಸ್ತ್ರವು ಹೇಳಿರುವುದು ತನ್ನನ್ನು ಅಳೆದುಕೊಳ್ಳಲಿಕ್ಕೆ, ನೆರೆಯವನನ್ನು ಅಳೆಯಲಿಕ್ಕಲ್ಲ.

ಮದ್ದು ಬಿಡುವ ದಿನವೇ ಇದಕ್ಕೆ ಒಳ್ಳೆಯ ಪರೀಕ್ಷೆ. ಕಲಸಿದ ದ್ರಾವಣವನ್ನು ಅಂದೇ ಬಳಸಬೇಕು, ಮರುದಿನಕ್ಕೆ ಅದು ಬಾರದು. ಬೆಳಗ್ಗೆ ಬಿಸಿಲು ಕಂಡು ಡ್ರಮ್ಮಿನಲ್ಲಿ ಕಲಸಿಯಾಗಿದೆ. ಮರ ಏರುವವನು ನಾಲ್ಕು ಮರ ಮುಗಿಸುವಷ್ಟರಲ್ಲಿ ಮಳೆ ಹಿಡಿದು, ಬಿಟ್ಟ ಮದ್ದೂ ತೊಳೆದುಹೋಗುತ್ತದೆ. ಮೈಲುತುತ್ತಿನ ನಷ್ಟ ಯಜಮಾನನ ಇಚ್ಛೆಯನ್ನು ಕೇಳಿ ಬಂದುದಲ್ಲ. ಮರ ಏರಿದವನ ಸಂಬಳದ ಮಾತು ಹಾಗಲ್ಲ. ಅರ್ಧ ದಿನದ್ದನ್ನು ಕೊಟ್ಟು ಕಳುಹಿಸಿದರೆ ಊರಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಜಗಲಿಯಲ್ಲಿ ಒದ್ದೆಯಾಗಿ ನಿಂತವನಿಗೆ ಪೂರ್ತಿ ದಿನದ ಸಂಬಳವನ್ನು ಎಣಿಸಿಕೊಟ್ಟು, ‘ಹೊಳವಾದರೆ ನಾಳೆ ಬಾ’ ಎಂದು ಹೇಳಿ, ಆ ಮಾತನ್ನು ಬಸದಿಯಲ್ಲಾಗಲಿ ಮನೆಯಲ್ಲಾಗಲಿ ಎತ್ತದೆ ಸಂಜೆಯ ಸಾಮಾಯಿಕಕ್ಕೆ ಕುಳಿತುಕೊಳ್ಳುವವರೂ ಇದ್ದಾರೆ.